ಮೇಲೆ ಐದರಲ್ಲೊಂದು ಪಾಲು

ನಮ್ಮ ಫಾದರ್ ಅವರ ಅಂಗೈ ಬಹಳ ಭಾರ. ಬೈಬಲಿನ ಯಾಜಕಕಾಂಡದ ಪಾಠ ಮಾಡುವಾಗ ಯಾರದಾದರೂ ನೆತ್ತಿಯ ಮೇಲೆ ಅದನ್ನಿಟ್ಟು ಕುತ್ತಿಗೆ ಕುಸಿಯುವಂತೆ ಒತ್ತುತ್ತಿದ್ದರು. ಇಸ್ರಯೇಲರು ಬಲಿಯ ಕುರಿಯ ತಲೆಯ ಮೇಲೆ ಹೀಗೆ ಕೈಯಿಡುತ್ತಿದ್ದರಂತೆ. “ಕೈ ಇಡಬೇಕಾದೋನು ಬಲಿ ತಂದೋನು, ಯಾಜಕ ಅಲ್ಲ. ಪೂಜೇಲಿ ನಾನು ರೊಟ್ಟಿ ಎತ್ತಿದಾಗ ನೀವು ಸುಮ್ನೆ ನೋಡ್ತಾ ಕೂತ್ರೆ ಹೇಗಮ್ಮಾ?” ಎನ್ನುತ್ತಿದ್ದರು.

ವರ್ಗವಾಗಿ ಕಾಶಿಗೆ ಬಂದ ನಾಲ್ಕು ಕನ್ನಡದ ಕಥೋಲಿಕ ಕುಟುಂಬಗಳಿಗಾಗಿ, ಚರ್ಚಿನಲ್ಲಿ ಭಾನುವಾರದ ಹಿಂದಿ ಪೂಜೆ ಮುಗಿದ ಮೇಲೆ, ಭೇಲೂಪುರದ ನಮ್ಮ ಬಾಡಿಗೆ ಮನೆಯಲ್ಲಿ ಈ ಪಾಠ. ಫಾದರ್ ನಿವೃತ್ತರಾಗಿದ್ದರು, ಮೈಸೂರಿನ ಕಡೆಯವರು. ಇಲ್ಲಿ ನಲವತ್ತು ವರ್ಷ ಕಳೆದರೂ ಅವರ ಹಿಂದಿಯಲ್ಲಿ ರಿಕ್ಷಾದವನೂ ಹೆಂಗಸೇ. ನಾವು ನಕ್ಕರೆ ಅವರು ನಮಗಿಂತ ಜೋರಾಗಿ ನಗುತ್ತಿದ್ದರು.

ಪಾಠಕ್ಕೆ ಕೂರುತ್ತಿದ್ದ ನಾವು ನಾಲ್ವರು ಹೆಂಗಸರಲ್ಲಿ ಒಬ್ಬಳನ್ನು ನಾನು ಒಂದು ದಿನ ವಿಶ್ವನಾಥ ಗಲ್ಲಿಯಲ್ಲಿ ಕಂಡೆ. ಪುರೋಹಿತರ ಎದುರು ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಅಲ್ಲಿ ಶಾಂತಿ ಮಾಡಿಸಿ ಇಲ್ಲಿ ಚರ್ಚಲ್ಲಿ ಪರಮಪ್ರಸಾದ ತಗೋತಾಳೆ ಎಂದು ಮಿಕ್ಕ ಇಬ್ಬರ ಕಿವಿಗೂ ಹಾಕಿದೆ. ಪಕ್ಕದ ಮನೆಗೆ ಊರಿಂದ ಬಂದಿದ್ದ, ಹಿಂದಿ ಬಾರದ ಅಜ್ಜಿಗೆ ಜೊತೆಯಾಗಿ ಹೋಗಿದ್ದಳೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವಳು ಪಾಠಕ್ಕೆ ಬರುವುದನ್ನು ಬಿಟ್ಟಿದ್ದಳು.

ನನ್ನ ಮನಸ್ಸು ಚುಚ್ಚುತ್ತಿತ್ತು. ನಡೆದದ್ದನ್ನು ಫಾದರ್‌ಗೆ ಹೇಳಿ, ಅವಳಿಗೂ ನನಗೂ ಸಮಾಧಾನವಾಗಲೆಂದು ಒಂದು ಪೂಜೆ ಬರೆದುಕೊಳ್ಳಿ ಎಂದು ಕೇಳಿದೆ. ಅವರು ಪೂಜೆ ಬರೆದುಕೊಳ್ಳುವ ಪುಸ್ತಕ ತೆರೆಯಲೇ ಇಲ್ಲ.

“ಮೊದ್ಲು ಅವಳ ಮನೆಗೆ ಹೋಗಿ ಬಾ. ಆ ಕಾಲದಲ್ಲೂ ಅಷ್ಟೇ. ಇನ್ನೊಬ್ಬರದ್ದು ಕಿತ್ಕೊಂಡಿದ್ರೆ ವಾಪಸ್ ಕೊಟ್ಟು, ಮೇಲೆ ಐದರಲ್ಲೊಂದು ಪಾಲು ಸೇರಿಸಿ, ಆಮೇಲೆ ಬಲಿ.”

“ನಾನೇನು ಕಿತ್ಕೊಂಡೆ ಫಾದರ್?”

“ಅವಳ ಹೆಸರು.”

ನನಗೆ ಮೂಗಿನ ತುದಿಯಲ್ಲೇ ಕೋಪ. ಇನ್ನೊಂದು ಚರ್ಚಿಗೆ ಹೋಗಿ ಪೂಜೆ ಬರೆಸಿದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಬಂದು ಫಾದರ್‌ಗೆ ಅದನ್ನು ಹೇಳಿಯೂ ಹೇಳಿದೆ. ಆಗಲಿ ಎಂದರು, ಅಷ್ಟೇ. ಈಗ ಆ ನನ್ನ ಹಮ್ಮು ನೆನೆದರೆ ನಾಚಿಕೆಯಾಗುತ್ತದೆ. ಈ ಚಳಿಗಾಲದಲ್ಲಿ ನಿಮೋನಿಯಾ ಆಗಿ ಫಾದರ್ ತೀರಿಕೊಂಡರು. ಪಾಠ ಬಿಟ್ಟವಳ ಗಂಡನಿಗೆ ಅದಾಗಲೇ ಹುಬ್ಬಳ್ಳಿಗೆ ವರ್ಗವಾಗಿ ಅವರು ಕಾಶಿ ಬಿಟ್ಟಿದ್ದರು.

ಮಣ್ಣು ಮುಗಿದ ಮಾರನೆಯ ದಿನ, ನಾನಾಡಿದ್ದು ಸುಳ್ಳು ಎಂದು ಹೇಳಲು ಪಾಠದ ಮಿಕ್ಕ ಇಬ್ಬರು ಗೆಳತಿಯರಲ್ಲಿ ಒಬ್ಬಳ ಮನೆಗೆ ಹೋದೆ. ಅವರದು ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ.

“ಗೊತ್ತು ಬಿಡ್ರಿ” ಎಂದಳು. “ಫಾದರ್ ಆಗ್ಲೇ ಬಂದಿದ್ರು. ಆ ಮಂಡಿನೋವಲ್ಲಿ ಹೇಗೆ ಹತ್ತಿದ್ರೋ. ‘ನನ್ನ ಪಾಠದ ಮನೇಲಿ ಹುಟ್ಟಿದ ಸುಳ್ಳು, ತಪ್ಪು ನಂದು, ಕ್ಷಮಿಸಿ’ ಅಂದ್ರು. ಇನ್ನೊಬ್ರ ಮನೆಗೂ ಹೋಗಿದ್ರಂತೆ.”

ಯಾವಾಗ ಎಂದು ಕೇಳಿದೆ. ನಾನು ಬೇರೆ ಚರ್ಚಿನಲ್ಲಿ ಪೂಜೆ ಬರೆಸಿ ಬಂದ ವಾರವೇ ಅದು. ನಾನು ತೆರಬೇಕಾದದ್ದನ್ನು ಅವರು ಮೆಟ್ಟಿಲು ಹತ್ತಿ ತೆತ್ತಿದ್ದರು.

ಹುಬ್ಬಳ್ಳಿಯ ಫೋನ್ ನಂಬರನ್ನು ಅವತ್ತೇ ಇಸಿದುಕೊಂಡು ಬಂದೆ. ಎರಡು ತಿಂಗಳಾಯಿತು. ಇನ್ನೂ ಫೋನ್ ಮಾಡಿಲ್ಲ.