ಅವ್ವನ ಖರೇ ಕೈ

ನಮ್ಮ ಮನೆಯಲ್ಲಿ ಜಗಳಕ್ಕೊಂದು ಪದ್ಧತಿ ಇತ್ತು. ಅಪ್ಪ ಕೂಗಾಡುತ್ತಿದ್ದ, ಅವ್ವ ಮಾತು ಬಿಡುತ್ತಿದ್ದಳು. ಒಮ್ಮೆ ಬಿಟ್ಟಳೆಂದರೆ ವಾರಗಟ್ಟಲೆ ಬಾಯಿಗೆ ಬೀಗ. ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು, ಅಂಗಿ ಒಗೆದು ಮಡಚಿಡುತ್ತಿದ್ದಳು, ಆದರೆ ಅವನಿಗೆ ಹೇಳುವುದನ್ನೆಲ್ಲ ನನಗೆ ಹೇಳುತ್ತಿದ್ದಳು. “ನಿಮ್ಮಪ್ಪಗ ಹೇಳು, ಚಿಮಣಿ ಎಣ್ಣಿ ತೀರೇದ.” ಅಪ್ಪ ಒಂದು ಮೊಳ ಆಚೆ ಕೂತಿರುತ್ತಿದ್ದ. ಗುಲ್ಬರ್ಗಾ ಕಡೆಯ ನಮ್ಮ ಬಳಗದ ಹೆಂಗಸರೆಲ್ಲ ಜಗಳ ಗೆಲ್ಲುತ್ತಿದ್ದುದೇ ಹೀಗೆ. ಗೆಲ್ಲಲಿ ಬಿಡಿ, ನಡುವೆ ಟಪಾಲು ಹಂಚಿ ಸುಸ್ತಾಗುತ್ತಿದ್ದವಳು ನಾನು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಾಲೇಜಿಗೆ ಹೋಗುತ್ತಿದ್ದೆ. ಅಪ್ಪನ ಕಾರ್ಖಾನೆ ಕೆಲಸಕ್ಕೆಂದು ಮರಾಠಿ ನಾಡಿಗೆ ಬಂದಿದ್ದ ನಮಗೆ ಸ್ವಾರಗೇಟದ ಹಿಂದೆ, ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ. ನಲ್ಲಿ ಮಾತ್ರ ಎಲ್ಲ ಮನೆಗಳಿಗೂ ಸೇರಿ ಒಂದೇ. ಆ ನಲ್ಲಿಯ ಹತ್ತಿರವೇ ಅವ್ವ ಮರಾಠಿ ಕಲಿತದ್ದು, ಪಕ್ಕದ ಮನೆಯ ಮರಾಠಿ ಹೆಂಗಸು ಕಾಕುವಿನೊಡನೆ ದಿನವಿಡೀ ಹರಟಿದ್ದು. ಒಂದು ಸಂಜೆ ಅಪ್ಪ ಕಾರ್ಖಾನೆಯಿಂದ ಪೇಢೆಯ ಪೊಟ್ಟಣ ಹಿಡಿದು ಬಂದ. ಜೊತೆಗಾರರೆಲ್ಲ ಸೇರಿ ಊರ ಅಂಚಿನ ಕೋಥರೂಡದಲ್ಲಿ ಸೊಸೈಟಿ ಕಟ್ಟುತ್ತಿದ್ದರಂತೆ. ತಾನೂ ಒಂದು ಫ್ಲ್ಯಾಟಿಗೆ ಹೆಸರು ಹಚ್ಚಿ ಬಂದಿದ್ದ. ಅವ್ವ ಪೇಢೆ ಮುಟ್ಟಲಿಲ್ಲ, ಎದ್ದು ಒಳಗೆ ಹೋದಳು.

“ಊರ ಮಂದಿ ಫ್ಲ್ಯಾಟಿಗೆ ಬಾಯಿ ಬಿಡ್ತಾರ, ಈಕಿಗೆ ಬ್ಯಾಡಾಗೇದ,” ಎಂದು ಅಪ್ಪ ಮಲಗುವ ತನಕ ಕೂಗಾಡಿದ.

ಮರುದಿನ ಬೆಳಿಗ್ಗೆ ಅವ್ವ ಮಾತಾಡಲಿಲ್ಲ. ಸರಿ, ಟಪಾಲು ಕೆಲಸ ಶುರುವಾಯಿತು ಅಂದುಕೊಂಡೆ. ಅಷ್ಟರಲ್ಲಿ ರೊಟ್ಟಿ ಬಡಿಯುತ್ತಿದ್ದವಳ ಎಡಗೈ ಹಿಟ್ಟಿನ ಮೇಲೆ ಹಾಗೇ ಬಿತ್ತು. ತುಟಿಯ ಒಂದು ಕೊನೆ ಜೋತಿತ್ತು. ನನ್ನನ್ನು ನೋಡಿ ಬಾಯಿ ತೆರೆದಳು. “ತ್ತ, ತ್ತ” ಎಂಬುದೊಂದೇ ಹೊರಗೆ ಬಂತು. ಮಾತು ಬಿಟ್ಟ ಅವ್ವ ಹೀಗೆ ಬಾಯಿ ತೆರೆದವಳೇ ಅಲ್ಲ. ರಿಕ್ಷಾ ಹಿಡಿದು ಆಸ್ಪತ್ರೆಗೆ ಒಯ್ದೆವು.

ಡಾಕ್ಟರು ಮರಾಠಿಯವರು, ನಿಧಾನದ ಮನುಷ್ಯ. ಎಡಗಡೆ ಲಕ್ವಾ ಹೊಡೆದಿದೆ, ಜೀವಕ್ಕೆ ಅಪಾಯವಿಲ್ಲ ಎಂದರು. ಆಮೇಲೆ ಹಾಸಿಗೆಯ ಆಚೆ ನಿಂತಿದ್ದ ಅಪ್ಪನನ್ನು ಕೇಳಿದರು, ಈಕೆ ಊಟ, ಕೆಲಸ ಎಲ್ಲ ಯಾವ ಕೈಯಿಂದ ಮಾಡುತ್ತಾರೆ? “ಬಲಗೈರಿ ಸಾಹೇಬ್ರ, ಮತ್ತ್ಯಾವುದು?” ಎನ್ನುವುದನ್ನೇ ಅಪ್ಪ ಮರಾಠಿಯಲ್ಲಿ ಹೇಳಿದ. ಮಲಗಿದ್ದ ಅವ್ವ ಬಲಗೈ ಎತ್ತಿ ತನ್ನ ಎಡ ಮುಂಗೈಯನ್ನು ಮೆಲ್ಲಗೆ ತಟ್ಟಿದಳು, ಇನ್ನೊಮ್ಮೆ ತಟ್ಟಿದಳು. “ಹೌದು ತಾಯಿ, ಸೋತಿರುವುದು ಅದೇ ಕೈ, ಸುಧಾರಿಸುತ್ತದೆ,” ಎಂದು ಡಾಕ್ಟರು ಸಮಾಧಾನ ಹೇಳಿದರು.

ಹೊರಗೆ ಬಂದು ಅವರು ಎರಡೂ ಮುಷ್ಟಿ ಜೋಡಿಸಿ ನಮ್ಮ ಮುಂದೆ ಹಿಡಿದರು. ಮಿದುಳು ಹೆಚ್ಚುಕಡಿಮೆ ಇಷ್ಟು ದೊಡ್ಡದು, ಹೀಗೇ ಎರಡು ಭಾಗ. ಬಲಭಾಗ ಎಡಗೈಯನ್ನು ನಡೆಸುತ್ತದೆ, ಎಡಭಾಗ ಬಲಗೈಯನ್ನು. ಮಾತಿನ ಜಾಗ ಬಲಗೈಯವರಲ್ಲಿ ಸಾಮಾನ್ಯವಾಗಿ ಎಡಭಾಗದಲ್ಲಿರುತ್ತದೆ. ಈಕೆಗೆ ರಕ್ತ ನಿಂತಿರುವುದು ಬಲಭಾಗದಲ್ಲಿ. ಹಾಗಾದರೆ ಮಾತು ಯಾಕೆ ಹೋಯಿತು? ಅವರು ಮುಷ್ಟಿ ಬಿಚ್ಚಿ ಅಪ್ಪನ ಮುಖ ನೋಡಿದರು. “ಮನೆಯಲ್ಲಿ ಏನಾದರೂ ಮನಸ್ಸಿಗೆ ಹತ್ತುವಂಥದ್ದು ನಡೆದಿತ್ತೇ? ಅದರಿಂದಲೂ ಮಾತು ನಿಲ್ಲುವುದುಂಟು.”

ಕೈ ಹೋಗಿದ್ದು ಲಕ್ವಾದಿಂದ, ಮಾತು ಹೋಗಿದ್ದು ತನ್ನಿಂದ ಎಂದು ಅಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಪಾಳಿಗೆ ಹೋಗುವ ಮುಂಚೆ ಬಸಿಯಲ್ಲಿ ಚಹಾ ಆರಿಸಿ ಅವಳ ತುಟಿಗೆ ಹಿಡಿದು ಬೇಡಿಕೊಳ್ಳುತ್ತಿದ್ದ. “ತಪ್ಪಾತು ನಂದು. ಫ್ಲ್ಯಾಟು ಬ್ಯಾಡಂತ ಹೇಳಿ ಬಂದೀನಿ. ಇನ್ನರ ಒಂದ ಮಾತಾಡು.” ಅವ್ವ ಏನೋ ಹೇಳಹೋಗಿ, ಆಗದೆ, ಗೋಡೆಯ ಕಡೆ ಹೊರಳಿ ಅಳುತ್ತಿದ್ದಳು. ಅವನು ಅದನ್ನೂ ಸಿಟ್ಟೆಂದೇ ತಿಳಿದ. ಕಾಕು ಕೂಡ ಬಾಗಿಲಲ್ಲಿ ನಿಂತು, ಇಷ್ಟು ಸಿಟ್ಟು ಒಳ್ಳೆಯದಲ್ಲ, ಗಂಡಸು ಸೊರಗಿಹೋಗಿದ್ದಾನೆ ನೋಡು ಎಂದು ಅವಳಿಗೇ ಬುದ್ಧಿ ಹೇಳಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಲಕ್ವಾ ಹೊಡೆದವಳಿಗೇ ಬುದ್ಧಿ ಹೇಳಬೇಕೇ? ಆದರೆ ಡಾಕ್ಟರೇ ಹಾಗೆ ಹೇಳಿದ ಮೇಲೆ ನನ್ನ ಮಾತು ಯಾರು ಕೇಳಬೇಕು.

ಸುದ್ದಿ ಮುಟ್ಟಿ ಗುಲ್ಬರ್ಗಾದಿಂದ ದೊಡ್ಡವ್ವ ಬಂದಳು, ಅವ್ವನ ಅಕ್ಕ. ಗಂಟು ಕೆಳಗಿಟ್ಟು, ತಂಗಿಯ ಜೋತ ಎಡಗೈಯನ್ನು ಮಡಿಲಿಗೆ ಎಳೆದುಕೊಂಡು ಅಳತೊಡಗಿದಳು. “ನನ್ನವ್ವಾ, ನಿನ್ನ ಖರೇ ಕೈನ ಹೋತಲ್ಲ.”

ಖರೇ ಕೈ ಅಂದರೇನು ಎಂದು ನಾನು ಕೇಳಿದೆ. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬಿಡಲಿಲ್ಲ. ಕಡೆಗೆ ಅಪ್ಪ ಮನೆಯಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದಳು.

“ನಿಮ್ಮವ್ವ ಎಡಚಿ. ಸಣ್ಣಾಕಿ ಇದ್ದಾಗ ಎಲ್ಲಾ ಎಡಗೈಲೇ. ಉಣ್ಣಾಕ ಕುಂತರ ನಮ್ಮವ್ವ ಹಳೀ ಸೀರಿ ಪಟ್ಟಿ ತಗೊಂಡು ಆ ಕೈನ ಬೆನ್ನಿಗಿ ಕಟ್ಟತಿದ್ದಳು. ಎಡಚೀನ್ನ ಯಾರು ಮಾಡ್ಕೋತಾರ? ಕನ್ಯಾ ನೋಡಾಕ ಬಂದಾಗ ನಾವ್ಯಾರೂ ಬಾಯಿ ಬಿಡಲಿಲ್ಲ. ನಿಮ್ಮಪ್ಪಗ ಇವತ್ತಿನ ತನಕಾ ಗೊತ್ತಿಲ್ಲ.”

ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನನಗೆ ಒಂದೊಂದೇ ನೆನಪಾಯಿತು. ಕೌದಿ ಹೊಲಿಯುವಾಗ, ಕಸ ಗುಡಿಸುವಾಗ, ಕಡ್ಡಿ ಗೀರುವಾಗ, ಒಬ್ಬಳೇ ಇದ್ದರೆ ಎಡಗೈ. ಹೊಸಿಲಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, ಸೂಜಿ ಬಲಗೈಗೆ ಬಂದಿರುತ್ತಿತ್ತು. ಎಲ್ಲ ತಾಯಂದಿರೂ ಹಾಗೇ ಇರುತ್ತಾರೆ ಎಂದು ತಿಳಿದು ಬೆಳೆದವಳು ನಾನು. ಆಸ್ಪತ್ರೆಯಲ್ಲಿ ಅವಳು ಯಾಕೆ ಮುಂಗೈ ತಟ್ಟಿದಳೆಂದು ಈಗ ತಿಳಿಯಿತು. ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಅವಳು ಅಪ್ಪನ ಎದುರಿಗೇ ಹೇಳಿದ್ದಳು, ನಮಗೇ ತಿಳಿದಿರಲಿಲ್ಲ.

ಮರುದಿನವೇ ಅಪ್ಪನನ್ನೂ ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಪೂರ್ತಿ ಕೇಳಿ, ತಮ್ಮ ಹಣೆ ತಟ್ಟಿಕೊಂಡರು. ಕೆಲವು ಎಡಚರಲ್ಲಿ ಮಾತಿನ ಜಾಗ ಬಲಭಾಗದಲ್ಲೇ ನೆಲೆಸುತ್ತದಂತೆ. “ನಿಮ್ಮ ಅಜ್ಜಿ ಕೈಯನ್ನು ಬದಲಾಯಿಸಿದರು, ತಲೆಯೊಳಗಿನ ಜಾಗ ಬದಲಾಗಲಿಲ್ಲ. ಕೈ, ಮಾತು ಎರಡನ್ನೂ ಒಯ್ದದ್ದು ಒಂದೇ ಪೆಟ್ಟು. ಆಕೆಯ ತಿಳುವಳಿಕೆಗೆ ಏನೂ ಆಗಿಲ್ಲ, ಎಲ್ಲ ಕೇಳಿಸುತ್ತದೆ, ತಿಳಿಯುತ್ತದೆ. ಮಗುವಿಗೆ ಕಲಿಸುವಂತೆ ಒಂದೊಂದೇ ಶಬ್ದ ಹೇಳಿಸಿ.”

ಬಸ್ಸಿನಲ್ಲಿ ಅಪ್ಪ ಮುಖ ಒರೆಸಿಕೊಳ್ಳುತ್ತಲೇ ಇದ್ದ. ಎಡಚಿ ಎಂಬುದರ ಬಗ್ಗೆ ಒಂದೇ ಮಾತು ಆಡಿದ. “ಹುಚ್ಚಿ. ಹೇಳಿದ್ದರ ನಾ ಏನು ಬಿಟ್ಟು ಹೋಗ್ತಿದ್ನೇನು?”

ಅಂದಿನಿಂದ ಮನೆಯಲ್ಲಿ ಶಾಲೆ ಶುರುವಾಯಿತು. ಬಟ್ಟಲು ತೋರಿಸಿ ಬಟ್ಟಲು, ನೀರು ತೋರಿಸಿ ನೀರು. ಮೊದಲು ಬಂದದ್ದು ಚಹಾ. ನಡುನಡುವೆ ಮರಾಠಿ ಶಬ್ದ ನುಗ್ಗಿದರೆ ಕಾಕು ಹಿಗ್ಗಿ ಚಪ್ಪಾಳೆ ತಟ್ಟುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ತಡವರಿಸುತ್ತ ಎರಡು ಮೂರು ಶಬ್ದ ಜೋಡಿಸತೊಡಗಿದಳು. ಇತ್ತ ಅಪ್ಪನಿಗೆ ಹೋದ ಜೀವ ಬಂದಿತ್ತು. “ಆಕಿಗಿ ಸಿಟ್ಟು ಇದ್ದಿದ್ದೇ ಇಲ್ಲ, ಎಲ್ಲಾ ರಕ್ತದ ಆಟ,” ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದ. ಅದೇ ಉಮೇದಿನಲ್ಲಿ ಹೋಗಿ ಕೋಥರೂಡದ ಫ್ಲ್ಯಾಟಿಗೆ ಮತ್ತೆ ಹೆಸರು ಹಚ್ಚಿಬಂದ. ಈ ಮನುಷ್ಯನಿಗೆ ಏನು ಹೇಳಬೇಕು ನೀವೇ ಹೇಳಿ.

ಒಂದು ಸಂಜೆ ಫ್ಲ್ಯಾಟಿನ ನಕ್ಷೆಯನ್ನು ಅವಳ ಮುಂದೆ ಹಾಸಿ ಬೆರಳಿಟ್ಟು ತೋರಿಸತೊಡಗಿದ. “ಇಲ್ಲಿ ನಿನ್ನ ಅಡಗಿಮನಿ. ನಲ್ಲಿ ಮನಿಯೊಳಗ.” ಅವ್ವ ಬಲಗೈಯನ್ನು ನಕ್ಷೆಯ ಮೇಲೆ ಅಗಲಿಸಿ ಇಟ್ಟಳು. ಅವಳ ಕುತ್ತಿಗೆಯ ನರ ಉಬ್ಬಿತು. ನಾನು ಶಬ್ದ ಹೇಳಿಕೊಡಹೋದರೆ ತಲೆಯಾಡಿಸಿ ತಡೆದಳು.

“ನೀವು... ನನಗ... ಒಂದ ಮಾತು... ಕೇಳಿಲ್ಲ.”

ಅಷ್ಟುದ್ದದ ಮಾತನ್ನು ಅವಳು ಆವರೆಗೆ ಆಡಿರಲಿಲ್ಲ. ಅಪ್ಪ ಅವಳ ಕೈ ಕೆಳಗಿನಿಂದ ನಕ್ಷೆಯನ್ನು ಮೆಲ್ಲಗೆ ಎಳೆದು ಮಡಚಿ ಪಕ್ಕಕ್ಕಿಟ್ಟ.

“ಕೋಥರೂಡಕ್ಕ ಹೋಗೂಣೇನು?” ಎಂದು ಕೇಳಿದ.

“ಬ್ಯಾಡ,” ಎಂದಳು ಅವ್ವ. ಆ ಶಬ್ದ ಎಲ್ಲಿಯೂ ತಡವರಿಸದೆ ಬಂತು. ನಾವು ವಾಡೆಯಲ್ಲೇ ಉಳಿದೆವು.