ಲಹ್ಸೆನ್ ಅಮ್ಜೂದರ ಬಾಗಿಲು

ನಮ್ಮ ಕೆಳಗಿನ ಫ್ಲಾಟಿನ ಲಹ್ಸೆನ್ ಅಮ್ಜೂದ್ ಸಿನಿಮಾ ನಿರ್ದೇಶಕರು ಅಂತ ಗೊತ್ತಾದಾಗ ನಾನು ನಂಬಲೇ ಇಲ್ಲ. ನಿರ್ದೇಶಕರಾದವರು ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಈ ಅಗ್ಗದ ಬಾಡಿಗೆಯ ಕೌನ್ಸಿಲ್ ಕಟ್ಟಡದಲ್ಲಿ, ವಾರಕ್ಕೊಮ್ಮೆ ಕೆಟ್ಟು ನಿಲ್ಲುವ ಲಿಫ್ಟನ್ನು ಬೈಯುತ್ತಾ ಯಾಕಿರುತ್ತಾರೆ? ನನಗೆ ಗೊತ್ತಿದ್ದದ್ದು ಮಿನಿಕ್ಯಾಬ್ ಓಡಿಸುವ, ಮೊರೊಕ್ಕೋ ಕಡೆಯ, ಯಾರ ತಂಟೆಗೂ ಬಾರದ ನರೆಗಡ್ಡದ ಮನುಷ್ಯ, ಅಷ್ಟೇ.

ಅವರ ಪರಿಚಯವಾದದ್ದು ರೊಟ್ಟಿಯಿಂದ. ಮಾವ ತೀರಿಕೊಂಡ ಮೇಲೆ ನಮ್ಮತ್ತೆ ಕಾಶವ್ವ ವಿಜಯಪುರದಿಂದ ನಮ್ಮ ಹತ್ತಿರ ಬಂದರು. ಸೌತ್‌ಹಾಲಿನಲ್ಲಿ ನಮ್ಮವರ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ ಅಂತ ಗೊತ್ತಾಗಿದ್ದೇ ತಡ, ದಿನಾ ಬೆಳಿಗ್ಗೆ ಟಪ್ ಟಪ್ ಶುರು. ಒಂದು ದಿನ ಲಹ್ಸೆನ್ ಬಂದು ಬಾಗಿಲು ಬಡಿದರು. ಸದ್ದಿನ ತಕರಾರು ತಂದಿದ್ದಾರೆ ಅಂದುಕೊಂಡು ನಾನು ಜಗಳಕ್ಕೆ ತಯಾರಾಗಿಯೇ ಬಾಗಿಲು ತೆರೆದೆ. ಅವರು ಕೇಳಿದ್ದು ಒಂದೇ ಮಾತು: "ಯಾರು ರೊಟ್ಟಿ ತಟ್ಟುತ್ತಿರುವುದು?" ಅವರಮ್ಮನೂ ಹಾಗೇ ಕೈಯಲ್ಲೇ ತಟ್ಟುತ್ತಿದ್ದರಂತೆ. ಅವತ್ತು ಬಿಸಿ ರೊಟ್ಟಿಯನ್ನು ನಿಂತಲ್ಲೇ ತಿಂದು ಹೋದವರು ಆಮೇಲೆ ಭಾನುವಾರಗಳಲ್ಲಿ ಬರತೊಡಗಿದರು. ಅತ್ತೆ ಅವರನ್ನು ಲಚಮಪ್ಪ ಅಂತ ಕರೆದರು, ಅವರು ಅದಕ್ಕೇ ಓಗೊಟ್ಟರು. ಅವರು ಹೇಳಿದ ಕಥೆಯನ್ನೆಲ್ಲ ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಅತ್ತೆಗೆ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ನಾನೇ ಬೆರಗಾಗಿ ನಿಂತುಬಿಡುತ್ತಿದ್ದೆ.

ಅವರು ಹುಟ್ಟಿದ್ದು ಮರಳುಗಾಡಿನ ಅಂಚಿನ ವರ್ಜಾಜಾತ್ ಎಂಬ ಊರಿನಲ್ಲಿ. ಹೊರದೇಶದ ಸಿನಿಮಾ ಕಂಪನಿಗಳು ಅಲ್ಲಿಗೆ ಬಂದು ಕೋಟೆ ಕಟ್ಟಿ, ಹಳೆಯ ಕಾಲದ ಯುದ್ಧಗಳನ್ನು ಚಿತ್ರೀಕರಿಸುತ್ತವೆ. ಊರಿನ ಹುಡುಗರಿಗೆ ಅದರಲ್ಲಿ ಹೆಣವಾಗಿ ಬೀಳುವ ಕೆಲಸ. "ಮೀಸೆ ಚಿಗುರುವ ಮೊದಲೇ ನಾನು ರೋಮನ್ನರ ಕೈಲೂ ಸತ್ತಿದ್ದೆ, ಈಜಿಪ್ಟಿನವರ ಕೈಲೂ ಸತ್ತಿದ್ದೆ" ಅನ್ನುತ್ತಿದ್ದರು. ಉಳಿದ ಹೆಣಗಳೆಲ್ಲ ಕಣ್ಣು ಮುಚ್ಚಿಕೊಂಡಿದ್ದರೆ ಈ ಹೆಣ ಮಾತ್ರ ಒಂದು ಕಣ್ಣನ್ನು ಸಣ್ಣಗೆ ತೆರೆದು, ಕ್ಯಾಮರಾ ಹಿಂದೆ ನಿಂತವರು ಏನು ಮಾಡುತ್ತಾರೆ ಅಂತ ನೋಡುತ್ತಿತ್ತು. ಸತ್ತು ಬಿದ್ದಲ್ಲೇ ಸಿನಿಮಾ ಕಲಿತ ಪುಣ್ಯಾತ್ಮ!

ಇಪ್ಪತ್ತರ ವಯಸ್ಸಿನಲ್ಲಿ, ಅಪ್ಪ ಹಾಸಿಗೆ ಹಿಡಿದಿದ್ದಾಗ, ಒಂದು ಕಂಪನಿಯವರು ಕೇಬಲ್ ಹೊರಲು ಬರ್ತೀಯಾ ಅಂತ ಕರೆದರು. ಲಹ್ಸೆನ್ ಮನೆಯಲ್ಲಿ ಒಂದು ಮಾತು ಹೇಳದೆ ಅವರ ಲಾರಿ ಹತ್ತಿ, ಕೊನೆಗೆ ಲಂಡನ್ ಸೇರಿದರು. ಅಪ್ಪ ತೀರಿಕೊಂಡ ಸುದ್ದಿ ತಿಳಿದದ್ದು ಎಷ್ಟೋ ತಿಂಗಳ ನಂತರ. ವರ್ಷಗಳಾದ ಮೇಲೆ ಲಂಡನ್ನಿನಲ್ಲಿ ಕೊಂಡ ಕೋಟು ಹಾಕಿಕೊಂಡು, ಸುಡುವ ಮಧ್ಯಾಹ್ನ ಊರಿಗೆ ಹೋಗಿ ಬಾಗಿಲು ತಟ್ಟಿದರು. ಅಮ್ಮ ಬಾಗಿಲು ತೆರೆದು, ಮಗನನ್ನು ನೋಡಿ, ಮಾತಿಲ್ಲದೆ ಮುಚ್ಚಿದರು. ಮಗ ಬಂದ ಬಸ್ಸಿನಲ್ಲೇ ತಿರುಗಿ ಹೋದ. ಮತ್ತೆ ಅಮ್ಮನನ್ನು ನೋಡಲಾಗಲಿಲ್ಲ.

ಲಂಡನ್ನಿಗೆ ಮರಳಿ ಎಜ್ವೇರ್ ರಸ್ತೆಯ ಹೋಟೆಲಿನಲ್ಲಿ ತಟ್ಟೆ ತೊಳೆದರು, ಹಳೆಯ ಟಾಕೀಸಿನಲ್ಲಿ ಪ್ರೊಜೆಕ್ಟರ್ ತಿರುಗಿಸಿದರು. ಬೇರೆಯವರು ಶೂಟಿಂಗ್ ಮುಗಿಸಿ ಉಳಿಸಿದ ಖಾಲಿ ಫಿಲ್ಮಿನ ತುಂಡುಗಳನ್ನು ಬೇಡಿ ತಂದು ಕೆಡದಂತೆ ಫ್ರಿಜ್ಜಿನಲ್ಲಿಟ್ಟು, ಅದರಲ್ಲೇ ಮೊದಲ ಚಿತ್ರ ಮಾಡಿದರು. ಹಾಗೆ ಆರು ಚಿತ್ರ. ಯಾವ್ಯಾವುದೋ ದೇಶದ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಇವರು ಮನೆಗೆ ಬಂದು ಮಿನಿಕ್ಯಾಬಿಗೆ ಪೆಟ್ರೋಲ್ ಹಾಕಿಸುತ್ತಿದ್ದರು. ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಕಡೆ ಮುಚ್ಚಿದ ಬಾಗಿಲು ಇದ್ದೇ ಇತ್ತು. ಕೇಳಿದವರಿಗೆಲ್ಲ ಅಮ್ಮನ ಕಥೆಯನ್ನೇ ಹೇಳುತ್ತಿದ್ದರು. ಇನ್ನೊಂದು ವಿಶೇಷವೆಂದರೆ ಅವರು ಶೂಟಿಂಗಿನಲ್ಲಿ 'ಕಟ್' ಅನ್ನುತ್ತಿರಲಿಲ್ಲ. ನಟರು ತಾವಾಗಿ ಮುಗಿಸುವ ತನಕ ಕ್ಯಾಮರಾ ಓಡುತ್ತಿರಬೇಕು. "ಅವರಿಗೆ ಯಾವಾಗ ಮುಗಿಯಿತು ಅಂತ ಹೇಳಲು ನಾನ್ಯಾರು?" ಅನ್ನುತ್ತಿದ್ದರು.

ಈಗ ಅರವತ್ತೆಂಟನೇ ವಯಸ್ಸಿಗೆ, ಅಷ್ಟು ವರ್ಷ ಮುಂದೂಡಿದ್ದ ಆ ಮಧ್ಯಾಹ್ನವನ್ನೇ ಚಿತ್ರ ಮಾಡಲು ಹೊರಟರು. ಉಳಿದದ್ದೆಲ್ಲ ಮುಗಿದು ಬಾಗಿಲಿನ ದೃಶ್ಯವೊಂದು ಬಾಕಿಯಿತ್ತು. ನಮ್ಮ ಬೀದಿಯ ಕಮ್ಯುನಿಟಿ ಹಾಲ್ ಒಳಗೆ ಮಣ್ಣು, ಹುಲ್ಲು ಕಲಸಿ, ತಮ್ಮ ಕೈಯಾರೆ ಗೋಡೆ ಮೆತ್ತಿ, ಅಮ್ಮನ ಮನೆಯ ಬಾಗಿಲು ನಿಲ್ಲಿಸಿದರು. ಶೂಟಿಂಗಿನ ದಿನ ಬೆಳಿಗ್ಗೆ ಅಮ್ಮನ ಪಾತ್ರದ ನಟಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಳು. ಸಂಜೆಗೆ ಹಾಲ್ ಖಾಲಿ ಮಾಡಿಕೊಡಬೇಕು, ಮರುದಿನ ಅಲ್ಲಿ ಯಾರದೋ ಮದುವೆ. ಗೋಡೆ ಒಡೆದರೆ ಮತ್ತೆ ಕಟ್ಟುವ ಶಕ್ತಿ ತನಗಿಲ್ಲ ಅಂತ ಲಹ್ಸೆನ್ ನಮ್ಮ ಅಡಿಗೆಮನೆಯಲ್ಲಿ ನಿಂತು ಹೇಳಿದರು. "ಕಾಶವ್ವನವರು ಬರುತ್ತಾರಾ? ಮಾತಿಲ್ಲ. ಬಾಗಿಲು ತೆರೆಯಬೇಕು, ನೋಡಬೇಕು, ಮುಚ್ಚಬೇಕು."

ಅತ್ತೆ ಸೀರೆ ಬದಲಿಸಿ ಅವರು ಕೊಟ್ಟ ನಿಲುವಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತರು. ಮಗನ ಪಾತ್ರಕ್ಕೆ ಯಾಸಿರ್ ಎಂಬ ಹುಡುಗ, ದಪ್ಪ ಕೋಟಿನಲ್ಲಿ ಬೆವರುತ್ತಿದ್ದ. ಕ್ಯಾಮರಾ ಓಡಿತು. ಅವನು ಬಾಗಿಲು ತಟ್ಟಿದ. ಅತ್ತೆ ತೆರೆದರು, ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ಬಾಗಿಲು ಹಾಗೇ ಬಿಟ್ಟು ಒಳಗೆ ಹೋದರು! ಬಂದಾಗ ಅವರ ಕೈಯಲ್ಲೊಂದು ನೀರಿನ ಬಟ್ಟಲಿತ್ತು.

ಲಹ್ಸೆನ್ ನಕ್ಕು, ಇನ್ನೊಮ್ಮೆ ವಿವರಿಸಿದರು. ಇನ್ನೊಮ್ಮೆಯೂ ಅದೇ. ನನಗೆ ಪಿತ್ತ ನೆತ್ತಿಗೇರಿತು.

"ಅತ್ತಿ, ಬಾಗಲಾ ಹಾಕೂದಷ್ಟ ಐತ್ರಿ ನಿಮ್ಮ ಕೆಲಸ!"

"ಹಾಕ್ತೇನ ತಂಗಿ. ಆ ತಾಯಿಗೆ ಸಿಟ್ಟ ಬಂದೈತಿ, ಹಾಕೂದ ಬ್ಯಾಡ ಅನ್ನಂಗಿಲ್ಲ. ಆದ್ರ ಬಿಸಲಾಗ ಬಂದ ಮಗಾಗ ನೀರ ಕೊಡದ ಹ್ಯಾಂಗ ಹಾಕ್ಲಿ? ಕೈಯ ಏಳವಲ್ದು."

ನಾನು ಅನುವಾದಿಸಿದೆ. "ನನ್ನಮ್ಮ ನೀರು ಕೊಡಲಿಲ್ಲ, ಹಾಗಂತ ಹೇಳಿ" ಅಂದರು ಲಹ್ಸೆನ್, ಸ್ವಲ್ಪ ಬಿರುಸಾಗಿಯೇ.

ಮೂರನೇ ಸಲ ಅತ್ತೆ ಪ್ರಯತ್ನ ಪಟ್ಟರು. ಬಾಗಿಲ ಮೇಲೆ ಕೈಯಿಟ್ಟರು, ತೆಗೆದರು, ಒಳಗೆ ಹೋಗಿ ಬಟ್ಟಲು ತಂದರು. ಬಾಯಾರಿದ್ದ ಯಾಸಿರ್ ಈ ಸಲ ಇಸಿದುಕೊಂಡು ಗಟಗಟ ಕುಡಿದ. ನೀರು ಗದ್ದದಿಂದ ಇಳಿದು ಅಂಗಿಯ ಎದೆ ಒದ್ದೆಯಾಯಿತು.

ಲಹ್ಸೆನ್ ಎದ್ದು ನಿಂತರು. ಅವರು ಫೋನ್ ತೆಗೆದು ಅವತ್ತು ಅಮ್ಮನ ಜೊತೆಗಿದ್ದ, ಈಗಲೂ ಊರಿನಲ್ಲಿರುವ ಅಕ್ಕ ಇತ್ತೋಗೆ ಕರೆ ಮಾಡಿ ಅವರ ಭಾಷೆಯಲ್ಲಿ ಏನೋ ಕೇಳಿದರು. ತುಂಬ ಹೊತ್ತು ಕೇಳಿಸಿಕೊಂಡು, ಫೋನ್ ಇಟ್ಟು, ನಮ್ಮ ಕಡೆ ತಿರುಗಿದರು.

"ಅವತ್ತು ಬಸ್ಸಿನಲ್ಲಿ ಕೂತಾಗ ನನ್ನ ಅಂಗಿಯ ಎದೆ ಒದ್ದೆಯಾಗಿತ್ತು. ಅತ್ತಿದ್ದೇನೆ ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ಅಮ್ಮ ನೀರು ಕೊಟ್ಟಿದ್ದಳಂತೆ. ನಾನು ಕುಡಿದು, ಬಟ್ಟಲು ಕೊಟ್ಟು, ಒಳಗೆ ಬರಲಾ ಅಂತ ಒಂದು ಮಾತು ಕೇಳದೆ ತಿರುಗಿ ನಡೆದೆನಂತೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳಂತೆ. ಅವಳು ಯಾವಾಗ ಬಾಗಿಲು ಹಾಕಿದಳು ಅಂತ ಇತ್ತೋಗೂ ನೆನಪಿಲ್ಲ."

ಆರು ಚಿತ್ರಗಳು, ಇಡೀ ಬದುಕು ಆ ಮುಚ್ಚಿದ ಬಾಗಿಲಿನ ಮೇಲೆ ನಿಂತಿತ್ತು. ಬೇರೆ ಯಾರೇ ಆಗಿದ್ದರೂ ಫೋನನ್ನು ಜೇಬಿಗಿಟ್ಟು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ನಾನಂತೂ ಖಂಡಿತ ಹಾಗೇ ಮಾಡುತ್ತಿದ್ದೆ. ಈ ಮನುಷ್ಯ ಎಲ್ಲರೆದುರು ನಿಂತು ತನ್ನ ಕಥೆ ಸುಳ್ಳು ಅಂದರು, ಅಂದು ಯಾಸಿರನ ಕಡೆ ತಿರುಗಿದರು: "ಇನ್ನೊಮ್ಮೆ ಮಾಡೋಣ. ಕುಡಿ, ಬಟ್ಟಲು ಕೊಡು, ತಿರುಗಿ ಹೋಗು. ಕಾಶವ್ವ ತಮಗೆ ತಿಳಿದಂತೆ ಮಾಡಲಿ."

ಯಾಸಿರ್ ಕುಡಿದು, ಬಟ್ಟಲು ಕೊಟ್ಟು, ಹಾಲ್ ದಾಟಿ ಕಾರ್ ಪಾರ್ಕಿಗೇ ಹೋಗಿಬಿಟ್ಟ. ಅತ್ತೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತರು. ಕಟ್ ಅನ್ನುವವರು ಯಾರೂ ಇಲ್ಲವಲ್ಲ, ಕ್ಯಾಮರಾ ಓಡುತ್ತಲೇ ಇತ್ತು. ಬೀಗದ ಕೈ ಹಿಡಿದು ಬಂದ ಹಾಲಿನ ಕಾವಲುಗಾರನೂ ಸದ್ದಿಲ್ಲದೆ ಗೋಡೆಗೊರಗಿದ. ಕೊನೆಗೆ ನಾನೇ ಮೆಲ್ಲಗೆ ಕರೆದೆ: "ಅತ್ತಿ, ಆತ್ರಿ, ಬರ್ರಿ."

"ತಡಿ ತಂಗಿ. ಒಮ್ಮಿ ಹೊಳ್ಳಿ ನೋಡ್ಯಾನು."

ಆಗ ಲಹ್ಸೆನ್ ಕ್ಯಾಮರಾದ ಹಿಂದಿನಿಂದ ಹೊರಟು, ಯಾಸಿರ್ ನಿಂತಿದ್ದ ಜಾಗಕ್ಕೆ ಹೋಗಿ ನಿಂತರು. ಅತ್ತೆಯ ಮುಖ ನೋಡುತ್ತಾ ತಮ್ಮ ಭಾಷೆಯಲ್ಲಿ ಒಂದು ಮಾತು ಕೇಳಿದರು. ನಾನು ಅನುವಾದ ಮಾಡಬೇಕಾಗಲಿಲ್ಲ. ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು, "ಬಾರಪಾ, ಒಳಗ ಬಾ" ಅಂದರು.