ಕೋಣಂದೂರಿನಲ್ಲಿ ಹತ್ತುವ ಟೀಚರ್

ನನ್ನ ಗಂಡ ಸಾಗರದಿಂದ ತೀರ್ಥಹಳ್ಳಿಗೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್. ಎಂಬತ್ತರ ದಶಕದಲ್ಲಿ ಅವರ ಹೃದಯದ ಕವಾಟ ಕೆಟ್ಟಿತು. ತಾಳಗುಪ್ಪದ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ದೊಡ್ಡಾಸ್ಪತ್ರೆಯಲ್ಲಿ ಎದೆ ಕೊಯ್ದು ಸರಿಮಾಡಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಅವಾಂತರ ಶುರುವಾದದ್ದು ಎಚ್ಚರವಾದ ಮೇಲೆ.

ಅವರ ಪಾಲಿಗೆ ಅದು ಆಸ್ಪತ್ರೆಯಲ್ಲ, ಬಸ್ಸು. ಎದೆಗೆ ಅಂಟಿಸಿದ್ದ ವೈರನ್ನು ಗಂಟೆಯ ಹಗ್ಗವೆಂದು ಹಿಡಿದು ಜಗ್ಗುವರು. ತಲೆಯ ಬಳಿಯ ಯಂತ್ರ ಕುಂಯ್ ಎಂದು ಕೂಗಿಕೊಂಡರೆ 'ಹೋಲ್ಡಾನ್' ಎಂದು ಸಮಾಧಾನಪಡುವರು. ಓಡಿ ಬಂದ ನರ್ಸಿಗೆ ಟಿಕೆಟ್ ತೋರಿಸು ಎನ್ನುವರು. ಅರಿವಳಿಕೆ ಕೊಟ್ಟಿದ್ದ ಡಾಕ್ಟರು ನನ್ನನ್ನು ಕರೆಸಿ, ಇದು ಹುಚ್ಚಲ್ಲ, ಇಂಥ ಆಪರೇಷನ್ ಆದವರಿಗೆ ಬುದ್ಧಿ ಕದಡುವುದುಂಟು, ತಾನಾಗಿ ಇಳಿಯುತ್ತದೆ ಎಂದರು. ಆದರೆ ಎದೆಯಿಂದ ಬಾಟಲಿಗೆ ಬಿಟ್ಟ ಟ್ಯೂಬು ಕಿತ್ತುಕೊಂಡರೆ ಜೀವಕ್ಕೇ ಅಪಾಯವಂತೆ. ಉಸಿರಾಟ ಇನ್ನೂ ಸುಧಾರಿಸದ್ದರಿಂದ ನಿದ್ದೆಯ ಔಷಧಿ ಹೆಚ್ಚು ಕೊಡುವ ಹಾಗೂ ಇಲ್ಲವಂತೆ. ಗುರುತಿನವರು ಪಕ್ಕದಲ್ಲಿದ್ದರೆ ಸುಮ್ಮನಾಗಬಹುದು, ಕೂತು ಮಾತಾಡಿಸಿ ಎಂದರು.

ಕೂರಲು ಹೋದೆ. ಮಂಚದ ಅಂಚಿನಲ್ಲಿ ನಮ್ಮವರು ತಾವೇ ಟವೆಲ್ ಹಾಸಿಟ್ಟಿದ್ದರು. ನಮ್ಮ ಕಡೆ ಟವೆಲ್ ಹಾಕಿದರೆ ಸೀಟು ಹಿಡಿದ ಹಾಗೆ, ಮಂತ್ರಿ ಬಂದರೂ ತೆಗೆಯುವಂತಿಲ್ಲ.

"ಅಲ್ಲಿ ಕೂರ್ಬೇಡಿ. ಟೀಚರ್ ಬರ್ತಾರೆ. ಕೋಣಂದೂರಲ್ಲಿ ಹತ್ತುತಾರೆ."

ನನ್ನ ಗುರುತು ಸಿಗಲಿಲ್ಲ, ಹೋಗಲಿ. ಆ ದನಿಯ ನಯ ನೋಡಬೇಕಿತ್ತು! ಮನೆಯಲ್ಲಿ ನನಗೆ 'ಏ, ನೀರು' ಬಿಟ್ಟರೆ ಬೇರೆ ಮಾತಿಲ್ಲ. ಇಲ್ಲಿ, ಆ ಕಡೆ ಬಿಸಿಲು ಬೀಳುತ್ತೆ, ಪರದೆ ಎಳೆಯಿರಿ, ಟೀಚರಿಗೆ ತಲೆನೋವು ಬರುತ್ತೆ ಎಂದು ನರ್ಸಿಗೆ ತಾಕೀತು. ನನಗೂ ಒಂದು ತಲೆಯಿದೆ, ಅದೂ ನೋಯುತ್ತದೆ ಎಂದು ಈ ಮಹಾನುಭಾವರಿಗೆ ಯಾವತ್ತಾದರೂ ಹೊಳೆದಿತ್ತೇ? ಹೊಟ್ಟೆಕಿಚ್ಚಿಗೆ ಮೈಯೆಲ್ಲ ಉರಿದುಹೋಯಿತು. ಯಾರಿವಳು, ಎಂಥ ಸೀರೆ ಉಡುತ್ತಾಳೆ, ಬಸ್ಸಿನಲ್ಲಿ ಇಬ್ಬರೂ ಏನು ಮಾತಾಡಿಕೊಳ್ಳುತ್ತಾರೆ? ಹಾಳಾಗಿ ಹೋಗಲಿ ಎಂದು ಶಪಿಸುತ್ತ ಗೋಡೆಗೆ ಒರಗಿ ನಿಂತೆ.

ಎಷ್ಟು ಹೊತ್ತಾದರೂ ಟೀಚರ್ ಬರಲಿಲ್ಲ. ಅವರನ್ನು ಬಿಟ್ಟು ಬಸ್ಸು ಹೊರಟಿತೆಂದು ಇವರಿಗೆ ಗಾಬರಿಯಾಯಿತು. ಇಳಿದು ನೋಡುತ್ತೇನೆಂದು ಎದ್ದೇಬಿಟ್ಟರು. ಟ್ಯೂಬು ಬಿಗಿಯಿತು, ಬಾಟಲಿ ಅಲುಗಾಡಿತು. ನಾನು ನಿಮ್ಮ ಹೆಂಡತಿ, ಮಲಗಿ ಎಂದು ಭುಜ ಹಿಡಿದರೆ, ಯಾರೋ ಹೆಂಗಸು ಮೈಮೇಲೆ ಬಿದ್ದ ಹಾಗೆ ಕೊಸರಿಕೊಂಡರು. ಅಡ್ಡ ಬಂದ ಟ್ಯೂಬಿಗೇ ಕೈ ಹಾಕಿದರು.

ಟವೆಲ್ ಎತ್ತಿ ಆ ಜಾಗದಲ್ಲಿ ಕೂತೆ.

"ಬಂದೆ. ನಾನು ಟೀಚರ್. ಕೋಣಂದೂರಲ್ಲೇ ಹತ್ತಿದೆ."

ತಿರುಗಿ ನೋಡಿದರು. ಟ್ಯೂಬು ಬಿಟ್ಟು ನಿಧಾನವಾಗಿ ದಿಂಬಿಗೆ ಒರಗಿದರು. ಯಂತ್ರದ ಕೂಗಾಟ ನಿಂತಿತು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು. ನಾಲ್ಕು ಜನರೆದುರು ಅವರು ನನ್ನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅದೇ.

"ಟೀಚರ್, ನಂಗೆ ಭಾಳ ಹೆದ್ರಿಕೆ ಆಗ್ತಿದೆ. ಉಳಿಯಲ್ಲ ಅನ್ಸುತ್ತೆ. ನಮ್ಮನೇಲಿ ಹೇಳ್ಬೇಡಿ."

ತಾಳಗುಪ್ಪದಿಂದ ಬೆಂಗಳೂರಿನವರೆಗೆ ಎದುರಿಗೇ ಕೂತಿದ್ದೆ. ಭಯ ಆಗುತ್ತಾ ಎಂದು ನಾನಾಗಿ ಕೇಳಿದ್ದಕ್ಕೆ, ಸುಮ್ಮನೆ ಮಲಗು ಎಂದು ಗದರಿದ್ದರು.

"ಹೇಳಲ್ಲ" ಅಂದೆ.